ಯಂತ್ರಕ್ಕೆ ಬಂದ ಜ್ವರ

ಮನೆಯಲ್ಲಿ ಯಾರಿಗಾದರೂ ಜ್ವರ ಬಂದರೆ ಹಣೆ ಮುಟ್ಟಿ ನೋಡುವವರು ಹತ್ತು ಜನ. ಜ್ವರದ ಪಟ್ಟಿ ಬರೆದಿಡುವವರು ಒಬ್ಬರೂ ಇರುವುದಿಲ್ಲ. ಕಷಾಯ ಕುಡಿಸಿರೆನ್ನುವವರಿಗೆ, ಒದ್ದೆ ಬಟ್ಟೆ ಹಾಕಿರೆನ್ನುವವರಿಗೆ, ದೃಷ್ಟಿ ತೆಗೆಯಿರೆನ್ನುವವರಿಗೆ ಯಾವ ಕಾಲದಲ್ಲಿಯೂ ಕೊರತೆಯಾದುದಿಲ್ಲ. ಗಣಕಯಂತ್ರ ಕಾದಾಗಲೂ ಸಂಸಾರಸ್ಥರ ಮನೆಯಲ್ಲಿ ನಡೆಯುವುದು ಇದೇ. ಒಬ್ಬರು ಪೆಟ್ಟಿಗೆಯ ಪಕ್ಕದ ತಗಡನ್ನು ಬಿಚ್ಚಿಡಬೇಕೆನ್ನುತ್ತಾರೆ. ಇನ್ನೊಬ್ಬರು ಟೇಬಲ್ ಫ್ಯಾನನ್ನು ಅದರತ್ತ ತಿರುಗಿಸುತ್ತಾರೆ. ಮೂರನೆಯವರು, ಸಾಮಾನ್ಯವಾಗಿ ದುಡ್ಡು ಕೊಡಬೇಕಾಗಿಲ್ಲದವರು, ಹೊಸದನ್ನೇ ತಂದುಬಿಡಿರೆಂದು ಅಪ್ಪಣೆ ಕೊಡಿಸುತ್ತಾರೆ.

ಆ ಪೆಟ್ಟಿಗೆಯನ್ನೇ ಜನ ಸಿಪಿಯು ಎಂದು ಕರೆಯುವುದುಂಟು. ನಿಜವಾದ ಸಿಪಿಯು, ಅಂದರೆ ಪ್ರೊಸೆಸರು, ಅದರ ಒಡಲಲ್ಲಿ ಅಡಗಿರುವ ಬೆಂಕಿಪೆಟ್ಟಿಗೆಗಿಂತ ಚಿಕ್ಕದಾದ ವಸ್ತು. ಬಿಸಿಯಾಗುವುದು ಅದರ ಜಾತಕದಲ್ಲಿಯೇ ಬರೆದದ್ದು. ಒಳಗಿನ ಕೋಟಿಗಟ್ಟಲೆ ಟ್ರಾನ್ಸಿಸ್ಟರುಗಳು ಕ್ಷಣಕ್ಕೆ ಕೋಟಿ ಸಲ ತೆರೆದು ಮುಚ್ಚಿಕೊಳ್ಳುತ್ತವೆ. ಅದಕ್ಕೆ ತಗಲಿದ ವಿದ್ಯುತ್ತೆಲ್ಲವೂ ಕಟ್ಟಕಡೆಗೆ ಶಾಖವಾಗಿಯೇ ಹೊರಬೀಳಬೇಕು. 1971ರಲ್ಲಿ ಬಂದ ಇಂಟೆಲ್ 4004ರಲ್ಲಿ ಇದ್ದ ಟ್ರಾನ್ಸಿಸ್ಟರುಗಳು ಕೇವಲ 2,300. 1981ರಲ್ಲಿ ಐಬಿಎಂ ಸಂಸ್ಥೆ ಮಾರುಕಟ್ಟೆಗೆ ಬಿಟ್ಟ ಪಿಸಿಯ ಪ್ರೊಸೆಸರಿನ ಮೇಲೆ ಫ್ಯಾನು ಇರಲಿಲ್ಲ, ಲೋಹದ ರೆಕ್ಕೆಗಳೂ ಇರಲಿಲ್ಲ. ಬರಿಮೈಯಲ್ಲಿಯೇ ಅದು ಕಾಲ ಹಾಕಿತು. ಅವುಗಳ ಆವಶ್ಯಕತೆ ಮನೆಮನೆಯ ಮಾತಾದದ್ದು 1990ರ ದಶಕದಲ್ಲಿ. ಈಚಿನ ಸಾಧಾರಣ ಪ್ರೊಸೆಸರೊಂದು ದುಡಿಯುವಾಗ ಸುಮಾರು 65 ವ್ಯಾಟ್ ಶಾಖವನ್ನು ಉಗುಳುತ್ತದೆ. ಒಂದು ದೀಪದಷ್ಟೇ ತಾನೆ ಎಂದು ತೋರಬಹುದು. ಆದರೆ ಅದೆಲ್ಲ ಹೊರಡುವುದು ಒಂದೂಕಾಲು ಚದರ ಸೆಂಟಿಮೀಟರಿನಷ್ಟು ಸಿಲಿಕಾನ್ ಚೂರಿನಿಂದ. ಬಟ್ಟೆಗೆ ಹಾಕುವ ಸಾವಿರ ವ್ಯಾಟಿನ ಇಸ್ತ್ರಿಪೆಟ್ಟಿಗೆಯ ತಳವನ್ನು ಇನ್ನೂರು ಚದರ ಸೆಂಟಿಮೀಟರೆಂದು ಹಿಡಿದರೆ, ಅಳತೆಗೆ ಅಳತೆ ಇಟ್ಟು ನೋಡಿದಾಗ ಈ ಚೂರಿನದು ಅದರ ಹತ್ತರಷ್ಟು ಶಾಖ.

ಆದ್ದರಿಂದ ಯಂತ್ರವೇಕೆ ಬಿಸಿಯಾಯಿತೆಂದು ಕೇಳಿ ಪ್ರಯೋಜನವಿಲ್ಲ. ಹುಟ್ಟಿದ ಬಿಸಿ ಏಕೆ ಹೊರಗೆ ಹೋಗಲಿಲ್ಲವೆಂದು ಕೇಳಬೇಕು. ಬೆಂಕಿ ಬಿದ್ದ ಮನೆಯ ಮುಂದೆ ಸಾಲಾಗಿ ನಿಂತು ಕೈಯಿಂದ ಕೈಗೆ ಕೊಡ ದಾಟಿಸುವವರಂತೆ ಇಲ್ಲಿಯೂ ಒಂದು ಸಾಲಿದೆ. ಸಿಲಿಕಾನು ತನ್ನ ಮೇಲಿನ ಲೋಹದ ಮುಚ್ಚಳಕ್ಕೆ ಶಾಖವನ್ನು ಕೊಡುತ್ತದೆ; ಮುಚ್ಚಳವು ತೆಳ್ಳಗೆ ಸವರಿದ ಥರ್ಮಲ್ ಪೇಸ್ಟಿಗೆ, ಪೇಸ್ಟು ಹೀಟ್ ಸಿಂಕ್ ಎಂಬ ಅಲ್ಯೂಮಿನಿಯಂ ರೆಕ್ಕೆಗಳಿಗೆ, ರೆಕ್ಕೆಗಳು ಫ್ಯಾನಿನ ಗಾಳಿಗೆ, ಆ ಗಾಳಿ ಪೆಟ್ಟಿಗೆಯಿಂದ ಕೋಣೆಗೆ. ಸಾಲಿನಲ್ಲಿ ಒಬ್ಬನು ಕೈ ಕಟ್ಟಿ ನಿಂತರೆ ಉಳಿದವರು ಎಷ್ಟು ಚುರುಕಾಗಿದ್ದರೇನು?

ಕೈ ಕಟ್ಟಿ ನಿಂತವನು ಯಾರೆಂಬುದನ್ನು ಪತ್ತೆಹಚ್ಚಿದ ಕಥೆಯೊಂದು ಬಳ್ಳಾರಿಯದು. ಆ ಊರಿನಲ್ಲಿ ಇರುವುದು ಎರಡೇ ಕಾಲ, ಬೇಸಗೆ ಮತ್ತು ಕಡುಬೇಸಗೆ, ಎಂದು ಹೊರಗಿನವರು ಆಡಿಕೊಳ್ಳುತ್ತಾರೆ. ಊರಿನವರು ಅದನ್ನು ಅಲ್ಲಗಳೆಯುವ ಶ್ರಮ ವಹಿಸುವುದಿಲ್ಲ. 2023ರ ಏಪ್ರಿಲ್ ತಿಂಗಳು. ಅತ್ತೆ, ಸೊಸೆ, ಏಳು ವರ್ಷದ ಮೊಮ್ಮಗಳು ಇದ್ದ ಮನೆ. ಮಗನಿಗೆ ಬೇರೆ ಊರಿನಲ್ಲಿ ನೌಕರಿ. ಅವನ ಸಂಬಳ ಮನೆಸಾಲದ ಕಂತಿಗೆ ಸರಿಹೋಗುತ್ತಿತ್ತು. ಸಿವಿಲ್ ಡಿಪ್ಲೊಮಾ ಓದಿದ್ದ ಸೊಸೆ ಮನೆಯಲ್ಲಿಯೇ ಕುಳಿತು, ಕಟ್ಟಲಿರುವ ಮನೆ ಮುಂದೆ ಹೇಗೆ ಕಾಣುವುದೆಂಬ ಚಿತ್ರಗಳನ್ನು ಕಂಟ್ರಾಕ್ಟರುಗಳಿಗೆ ಮಾಡಿಕೊಡುತ್ತಿದ್ದಳು. ಎಲಿವೇಷನ್ ಎಂದು ಅವಕ್ಕೆ ಹೆಸರು. ಅಡಿಗೆಮನೆಯ ಖರ್ಚು, ಮಗಳ ಶಾಲೆಯ ಫೀಸು ಎಲ್ಲ ಅದರಿಂದಲೇ ನಡೆಯಬೇಕು. ನೆರಳು ಬೆಳಕುಗಳನ್ನು ಲೆಕ್ಕಹಾಕಿ ಅಂಥ ಒಂದು ಚಿತ್ರವನ್ನು ಮುಗಿಸಲು ಪ್ರೊಸೆಸರು ಮುಕ್ಕಾಲು ಗಂಟೆ ಉಸಿರು ಬಿಡದೆ ದುಡಿಯುತ್ತದೆ.

2017ರಲ್ಲಿ ಕೊಂಡ ಯಂತ್ರ ಅದು. ಮುಕ್ಕಾಲು ಗಂಟೆಯ ಕೆಲಸಕ್ಕೆ ಮೊದಲು ಒಂದೂವರೆ ಗಂಟೆ ತೆಗೆದುಕೊಳ್ಳಲಾರಂಭಿಸಿತು, ಬಳಿಕ ಎರಡೂವರೆ. ಯುಗಾದಿ ಕಳೆದ ಮೇಲೆ ನಡುವಿನಲ್ಲಿಯೇ ಆರಿಹೋಗತೊಡಗಿತು. ಕೈಯಲ್ಲಿದ್ದದ್ದು ಹನ್ನೆರಡು ಚಿತ್ರಗಳ ಕೆಲಸ. ಕೊಡಬೇಕಾದ ಗಡುವು ಒಂಬತ್ತು ದಿನ. ರಿಪೇರಿಯ ಹುಡುಗ ಬಂದು ಬ್ಲೋವರಿನಿಂದ ಧೂಳು ಹಾರಿಸಿದ. ಫ್ಯಾನಿಗೂ ರೆಕ್ಕೆಗಳಿಗೂ ನಡುವೆ ಕಂಬಳಿಯಂತೆ ಹೆಣೆದುಕೊಂಡಿದ್ದ ಧೂಳು ಹೊರಬಂದಿತು. ಗಾಳಿ ಊದುವಾಗ ಫ್ಯಾನು ಹುಚ್ಚಾಗಿ ತಿರುಗಿ ಕೆಡದಂತೆ ಅದನ್ನು ಬೆರಳಿನಿಂದ ತಡೆದು ಹಿಡಿದನೆಂಬುದನ್ನು ಅವನ ಪರವಾಗಿ ಹೇಳಬೇಕು. ಎಲ್ಲರೂ ಅಷ್ಟು ಎಚ್ಚರ ವಹಿಸುವುದಿಲ್ಲ. ಆದರೂ ಸಂಜೆ ಯಂತ್ರ ಮತ್ತೆ ಆರಿತು. ಪ್ರೊಸೆಸರು ಹೋಗಿದೆ, ಇಷ್ಟು ಹಳೆಯದಕ್ಕೆ ತಕ್ಕ ಭಾಗಗಳು ಸುಲಭವಾಗಿ ಸಿಗವು, ಹೊಸತಕ್ಕೆ ನಲವತ್ತೈದು ಸಾವಿರವಾದೀತು ಎಂದು ತೀರ್ಪು ಹೇಳಿ ಅವನು ಹೋದ.

ಹೀಗೆ ತೀರ್ಪು ಕೊಡುವುದರಲ್ಲಿ ಆತುರವಿದೆ. ಇಂದಿನ ಪ್ರೊಸೆಸರುಗಳು ಶಾಖದಿಂದ ಸುಲಭವಾಗಿ ಸಾಯುವವಲ್ಲ. 2001ರಲ್ಲಿ ನಡೆದ ಪ್ರಸಿದ್ಧ ಪರೀಕ್ಷೆಯೊಂದರಲ್ಲಿ, ಓಡುತ್ತಿದ್ದ ಯಂತ್ರಗಳ ಹೀಟ್ ಸಿಂಕುಗಳನ್ನು ಕಿತ್ತುಬಿಟ್ಟಾಗ ಆ ಕಾಲದ ಒಂದು ಬಗೆಯ ಪ್ರೊಸೆಸರು ಹೊಗೆಯಾಡಿ ಸುಟ್ಟಿತು, ಇನ್ನೊಂದು ಬಗೆಯದು ವೇಗವನ್ನು ತಗ್ಗಿಸಿಕೊಂಡು ಬದುಕಿತು. ಈಗ ಬದುಕುವ ಆ ಬುದ್ಧಿ ಎಲ್ಲಕ್ಕೂ ಬಂದಿದೆ. ಸೊಸೆಯ ಯಂತ್ರದಂಥದಕ್ಕೆ ಮೇಲಿನ ಮಿತಿ 100 ಡಿಗ್ರಿ ಸೆಲ್ಸಿಯಸ್. ಅದನ್ನು ಮುಟ್ಟುತ್ತಲೇ ಅದು ನಡಿಗೆಯನ್ನು ನಿಧಾನಿಸುತ್ತದೆ. ಅದಕ್ಕೂ ಮೀರಿದರೆ ತಾನಾಗಿಯೇ ಆರುತ್ತದೆ. ಮುಕ್ಕಾಲು ಗಂಟೆ ಎರಡೂವರೆಯಾದದ್ದೂ ಬಳಿಕ ಆರಿದ್ದೂ ಯಂತ್ರ ತನ್ನ ಪ್ರಾಣ ಉಳಿಸಿಕೊಂಡ ಲಕ್ಷಣಗಳು.

ಸೊಸೆ ಬಳೆಗಳನ್ನು ಒತ್ತೆಯಿಡುವ ಮಾತೆತ್ತಿದಳು. ಅತ್ತೆ ಮೂವತ್ತೆರಡು ವರ್ಷ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸಾಗಿದ್ದು ನಿವೃತ್ತರಾದವರು. ಕಂಪ್ಯೂಟರನ್ನು ಅವರು ಅದುವರೆಗೆ ಮುಟ್ಟಿದ್ದು ಒರೆಸುವ ಬಟ್ಟೆಯಿಂದ ಮಾತ್ರ.

“ಅದಕ್ಕ ಜ್ವರ ಎಷ್ಟು ಐತಿ ಅಂತ ತೋರಸೂದೇನರ ಐತೇನವಾ?” ಎಂದು ಅವರು ಕೇಳಿದರು.

“ಐತ್ರಿ ಅತ್ತೀ. ತೊಂಬತ್ತೆಂಟು ತೋರಸ್ತದ, ಆಮ್ಯಾಲ ಆರ್ತದ.”

“ಎಷ್ಟು ಐತಿ ಅನ್ನೂದು ಸಾಲದು. ಹೆಂಗ ಏರತೈತಿ, ಹೆಂಗ ಇಳಿತೈತಿ, ಅದನ್ನ ಬರಿ.”

ಆಸ್ಪತ್ರೆಯಲ್ಲಿ ಅವರು ಕಲಿತ ವಿದ್ಯೆ ಅದು. ವಿಷಮಶೀತ ಜ್ವರ ದಿನಕ್ಕೊಂದು ಮೆಟ್ಟಿಲಿನಂತೆ ವಾರವೆಲ್ಲ ಏರುತ್ತದೆ. ಮಲೇರಿಯಾ ನಡುಕದೊಡನೆ ಒಮ್ಮೆಲೇ ನೆಗೆದು, ಬೆವರಿನೊಡನೆ ಇಳಿದುಬಿಡುತ್ತದೆ. ಅಂಕಿ ಎರಡರದೂ ಒಂದೇ ಆಗಿರಬಹುದು, ರೋಗ ಒಂದೇ ಅಲ್ಲ. ಆಸ್ಪತ್ರೆಯ ರೂಢಿಯಂತೆ ನೋಟುಬುಕ್ಕಿನ ಹಾಳೆಯಲ್ಲಿ ಗೆರೆ ಎಳೆದರು. ಕೋಣೆ 39. ಸುಮ್ಮನಿದ್ದಾಗ ಯಂತ್ರ 58. ಚಿತ್ರದ ಕೆಲಸ ಹಚ್ಚಿದ ನಾಲ್ಕನೆಯ ಸೆಕೆಂಡಿಗೆ 98. ನಿಲ್ಲಿಸಿದ ಹತ್ತನೆಯ ಸೆಕೆಂಡಿಗೆ 64. ಮೂರು ಸಲವೂ ಹಾಗೆಯೇ ಆಯಿತು.

ಈ ವೇಗದಲ್ಲಿಯೇ ಗುಟ್ಟಿರುವುದು. ರೆಕ್ಕೆಗಳಲ್ಲಿ ಧೂಳು ತುಂಬಿದ್ದರೆ, ಫ್ಯಾನು ಸೋತಿದ್ದರೆ ಅಥವಾ ಪೆಟ್ಟಿಗೆಯ ಗಾಳಿ ಕಟ್ಟಿದ್ದರೆ, ಅಲ್ಯೂಮಿನಿಯಂ ಗಟ್ಟಿಯೆಲ್ಲ ಕಾಯುವವರೆಗೆ ಹೊತ್ತು ಹಿಡಿಯುತ್ತದೆ. ಅಂಕಿ ನಿಮಿಷಗಟ್ಟಲೆ ಮೆಲ್ಲಮೆಲ್ಲನೆ ಏರುತ್ತದೆ. ನಾಲ್ಕು ಸೆಕೆಂಡಿನಲ್ಲಿ ನಲವತ್ತು ಡಿಗ್ರಿ ನೆಗೆಯಬೇಕಾದರೆ, ಶಾಖವು ಆ ಗಟ್ಟಿಯನ್ನು ತಲಪಿಯೇ ಇಲ್ಲ. ಸಾಲು ಕಡಿದಿರುವುದು ಮೊದಲನೆಯ ಕೈಯಲ್ಲಿಯೇ. ಟೇಬಲ್ ಫ್ಯಾನನ್ನು ತಿರುಗಿಸಿಟ್ಟರೂ ಒಂದೆರಡು ಡಿಗ್ರಿಗಿಂತ ಹೆಚ್ಚು ಇಳಿಯದಿದ್ದುದು ಇದೇ ಕಾರಣಕ್ಕೆ: ಬಾಗಿಲಿನವರೆಗೆ ಬಾರದ ಅತಿಥಿಗೆ ಬೀಸಣಿಗೆ ಬೀಸಿದಂತೆ.

ಮುದುಕಿ ಇನ್ನೊಂದು ಪರೀಕ್ಷೆ ಮಾಡಿದರು. ತೆರೆಯ ಮೇಲೆ 98 ತೋರುತ್ತಿದ್ದಾಗ, ತಿರುಗುವ ಫ್ಯಾನಿಗೆ ತಗಲದಂತೆ ರೆಕ್ಕೆಗಳ ಅಂಚಿಗೆ ಬೆರಳಿಟ್ಟರು. ಹಸುಗೂಸಿಗೆ ಎರೆಯುವ ನೀರಿನಷ್ಟು ಉಗುರುಬೆಚ್ಚಗಿತ್ತು. ಒಳಗೆ ಬೆಂಕಿ, ಹೊರಗೆ ತಂಪು. ಇದಕ್ಕಿಂತ ಬೇರೆ ಸಾಕ್ಷ್ಯ ಬೇಕಾಗಿರಲಿಲ್ಲ.

ಪ್ಲಗ್ಗನ್ನು ಕಿತ್ತು, ಪೆಟ್ಟಿಗೆಯನ್ನು ಮಲಗಿಸಿ, ದೀಪ ಹಿಡಿದು ನೋಡಿದಾಗ ಕಾರಣ ಕಣ್ಣಿಗೇ ಕಂಡಿತು. ಆ ಬಗೆಯ ಹೀಟ್ ಸಿಂಕು ಮದರ್‌ಬೋರ್ಡಿಗೆ ನಾಲ್ಕು ಮೂಲೆಗಳಲ್ಲಿ ನಾಲ್ಕು ಪ್ಲಾಸ್ಟಿಕ್ ಮೊಳೆಗಳಿಂದ ಕಚ್ಚಿಕೊಂಡಿರುತ್ತದೆ. ಅವುಗಳಲ್ಲಿ ಒಂದರ ತಲೆ ಅಕ್ಕಿಕಾಳಿನಷ್ಟು ಮೇಲೆದ್ದಿತ್ತು. ಹಿಂದಿನ ದೀಪಾವಳಿಯಲ್ಲಿ ಮನೆ ಬದಲಾಯಿಸಿದಾಗ ಯಂತ್ರ ಗೂಡ್ಸ್ ಆಟೋದಲ್ಲಿ ಕುಲುಕಾಡಿಕೊಂಡು ಬಂದಿತ್ತು. ಹೊಂಡಗಳ ಲೆಕ್ಕ ಇಟ್ಟವರು ಯಾರು? ಒಂದು ಮೂಲೆ ಎದ್ದರೆ ಲೋಹಕ್ಕೂ ಲೋಹಕ್ಕೂ ನಡುವೆ ಗಾಳಿ ನುಗ್ಗುತ್ತದೆ. ಶಾಖವನ್ನು ಸಾಗಿಸುವುದರಲ್ಲಿ ಗಾಳಿಯಷ್ಟು ಸೋಮಾರಿ ವಸ್ತು ಕಡಿಮೆ. ಅಲ್ಯೂಮಿನಿಯಂ ಅದಕ್ಕಿಂತ ಸಾವಿರಾರು ಪಟ್ಟು ಸಮರ್ಥ. ಆ ಸೂಕ್ಷ್ಮ ಸಂದನ್ನು ತುಂಬುವುದಕ್ಕಾಗಿಯೇ ಪೇಸ್ಟು ಇರುವುದು. ಆರು ವರ್ಷದ ಹಳೆಯ ಪೇಸ್ಟು ಒಣಗಿ ಸುಣ್ಣದ ಹಕ್ಕಳೆಯಂತಾಗಿತ್ತು.

“ಅತ್ತೀ, ಇದು ನಮ್ಮ ಕೈಲೆ ಆಗೂದಲ್ರಿ,” ಎಂದಳು ಸೊಸೆ. ಅತ್ತೆ ಉತ್ತರ ಕೊಡಲಿಲ್ಲ. ಕೈ ತೊಳೆದುಕೊಂಡು ಬಂದು ಕುಳಿತರು.

ಮುಂದಿನದು ಒಂದು ಗಂಟೆಯ ಕೆಲಸ. ಮೈಯಲ್ಲಿಯ ಸ್ಥಿರವಿದ್ಯುತ್ತು ಬಿಟ್ಟುಹೋಗಲೆಂದು ಸೊಸೆ ಪೆಟ್ಟಿಗೆಯ ಲೋಹವನ್ನು ಮುಟ್ಟಿದಳು. ಫ್ಯಾನಿನ ತಂತಿ ಕಳಚಿ, ಮೊಳೆಗಳ ತಲೆಯನ್ನು ಬಾಣದ ಗುರುತಿನತ್ತ ತಿರುಗಿಸಿ ಸಡಿಲಿಸಿ, ಹೀಟ್ ಸಿಂಕನ್ನು ಎಳೆಯದೆ ಮೆಲ್ಲನೆ ಅತ್ತಿತ್ತ ಹೊರಳಿಸಿ ಎತ್ತಿದಳು. ಹಳೆಯ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ನೆನೆಸಿದ ಬಟ್ಟೆಯಿಂದ ಒರೆಸಿದವರು ಅತ್ತೆ. ಹತ್ತಿ ಬೇಡ, ಎಳೆ ಬಿಡುತ್ತದೆ ಎಂದು ಅವರೇ ಹಳೆಯ ಮಲ್ಲಿನ ತುಂಡೊಂದನ್ನು ತಂದಿದ್ದರು. ಹೊಸ ಪೇಸ್ಟನ್ನು ಮುಚ್ಚಳದ ನಡುವೆ ಒಂದು ಬಟಾಣಿಗಿಂತ ಚಿಕ್ಕದಾಗಿ ಇಟ್ಟರೆ ಸಾಕು. ಒತ್ತಿದಾಗ ತಾನೇ ಹರಡಿಕೊಳ್ಳುತ್ತದೆ. ಒಬ್ಬಟ್ಟಿಗೆ ತುಪ್ಪ ಸುರಿಯುವ ಔದಾರ್ಯ ಇಲ್ಲಿ ಸಲ್ಲದು, ದಪ್ಪನಾದರೆ ಅದೇ ಅಡ್ಡಿ. ಬಳಿಕ ಮೊಳೆಗಳ ತಲೆಗಳನ್ನು ಮೊದಲಿನ ಸ್ಥಾನಕ್ಕೆ ತಿರುಗಿಸಿ, ಒಂದಕ್ಕೆದುರು ಮೂಲೆಯ ಇನ್ನೊಂದು ಎಂಬ ಕ್ರಮದಲ್ಲಿ, ಟಕ್ಕೆಂಬ ಸದ್ದು ಬರುವವರೆಗೆ ಒತ್ತಿದಳು. ನಾಲ್ಕನೆಯದು ಸದ್ದು ಮಾಡುವ ತನಕ ಮನೆಯಲ್ಲಿ ಯಾರೂ ಮಾತನಾಡಲಿಲ್ಲ.

ಕೋಣೆ 39. ಸುಮ್ಮನಿದ್ದಾಗ 48. ಕೆಲಸ ಹಚ್ಚಿದ ಮೇಲೆ ಮೊದಲ ನಿಮಿಷಕ್ಕೆ 74, ಐದನೆಯದಕ್ಕೆ 80. ಸೊಸೆಯ ಕಣ್ಣಲ್ಲಿ ನೀರು ಬಂದಿತು. ಅತ್ತೆ ಮಾತ್ರ ಬರೆಯುವುದನ್ನು ನಿಲ್ಲಿಸಲಿಲ್ಲ. ಅರ್ಧ ಗಂಟೆಗೆ 85, ಒಂದು ಗಂಟೆಗೆ 89. ಮಲೇರಿಯಾ ಇಳಿದಿತ್ತು, ವಿಷಮಶೀತ ಉಳಿದಿತ್ತು.

ಈ ಎರಡನೆಯ ಜ್ವರಕ್ಕೆ ಕಾರಣ ಹುಡುಕಲು ದೂರ ಹೋಗಬೇಕಾಗಿರಲಿಲ್ಲ. ಯಂತ್ರ ಅಂದವಾಗಿ ಕಾಣಲೆಂದು ಬಡಗಿಯಿಂದ ಮೇಜಿನ ಕೆಳಗೆ ಗೂಡು ಮಾಡಿಸಿ, ಅದಕ್ಕೊಂದು ಬಾಗಿಲನ್ನೂ ಇಡಿಸಿದ್ದರು. ಹಿಂದೆ ಗೋಡೆಗೆ ನಾಲ್ಕು ಬೆರಳಿನ ಸಂದು. ಪೆಟ್ಟಿಗೆ ಹಿಂದಿನಿಂದ ಬಿಟ್ಟ ಬಿಸಿಯುಸಿರನ್ನೇ ಮುಂದಿನಿಂದ ಮತ್ತೆ ಎಳೆದುಕೊಳ್ಳುತ್ತಿತ್ತು. ಮೇಜಿನ ಕಂಪ್ಯೂಟರುಗಳನ್ನು ಹೀಗೆ ಕಪಾಟಿನಲ್ಲಿ ಬಚ್ಚಿಡುವ ಶೋಕಿ ಪಟ್ಟಣದ ಮನೆಗಳಲ್ಲಿ ಹೇಗೆ ಹಬ್ಬಿತೋ ತಿಳಿಯದು. ಒಲೆಯನ್ನು ಪೆಟಾರಿಯಲ್ಲಿಟ್ಟು ಉರಿಸಿದ ಹಾಗೆ. ಗೂಡಿನಿಂದ ಹೊರತೆಗೆದು ಮಂಚದ ಪಕ್ಕದ ಸ್ಟೂಲಿನ ಮೇಲಿಟ್ಟಾಗ ಗಂಟೆಯ ಕೊನೆಯ ಅಂಕಿ 83ಕ್ಕೆ ನಿಂತಿತು.

ಕೋಣೆಯ ಕಾವಿಗೆ ಮಾತ್ರ ಅವರು ಏನೂ ಮಾಡುವಂತಿರಲಿಲ್ಲ. ಫ್ಯಾನು ಎಷ್ಟೇ ಬೀಸಲಿ, ಕೋಣೆಯ ಗಾಳಿಗಿಂತ ತಂಪಾದ ಗಾಳಿಯನ್ನು ಅದು ತರಲಾರದು. ಕೋಣೆ ಹತ್ತು ಡಿಗ್ರಿ ಏರಿದರೆ ಒಳಗಿನದೂ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ. ಆದ್ದರಿಂದ ಬೆಳಗಿನ ಜಾವ ನಾಲ್ಕಕ್ಕೆ, ಕೋಣೆ 29 ಇರುವಾಗ, ಚಿತ್ರ ಹಚ್ಚುವುದೆಂದಾಯಿತು. ಆಗ 73 ಬಂದಿತು. ಅತ್ತೆಗೆ ರಾತ್ರಿಪಾಳಿ ಹೊಸದಲ್ಲ. ಅವರೇ ಎದ್ದು ಗುಂಡಿ ಒತ್ತಿ, ಹಾಳೆಯಲ್ಲಿ ಬರೆದು, ಸೊಸೆ ಏಳುವ ಹೊತ್ತಿಗೆ ಚಹಾದ ಜೊತೆಗೆ ಅಂಕಿಗಳನ್ನೂ ಒಪ್ಪಿಸುತ್ತಿದ್ದರು. ಎಂಟನೆಯ ದಿನ ಹನ್ನೆರಡನೆಯ ಚಿತ್ರ ಕಂಟ್ರಾಕ್ಟರನ ಕೈ ಸೇರಿತು. ಪೇಸ್ಟಿಗೂ ಆಲ್ಕೊಹಾಲಿಗೂ ಸೇರಿ ತಗಲಿದ್ದು ನಾನೂರು ರೂಪಾಯಿಯ ಒಳಗೆ.

ಗೂಡಿನ ಬಾಗಿಲನ್ನು ಅತ್ತೆ ತಿರುಪು ಬಿಚ್ಚಿ ಕಳಚಿ ಮಹಡಿಗೆ ಒಯ್ದರು. ಒಳ್ಳೆಯ ಸಾಗುವಾನಿಯ ಹಲಗೆ. ಅದರ ಮೇಲೆ ಬಟ್ಟೆ ಹಾಸಿ ಆ ವರ್ಷದ ಸಂಡಿಗೆಯನ್ನೆಲ್ಲ ಇಟ್ಟದ್ದು ಅಲ್ಲಿಯೇ. ಬಳ್ಳಾರಿಯ ಬಿಸಿಲಿಗೆ ಅದು ಎರಡೇ ದಿನದಲ್ಲಿ ಒಣಗಿತು.