ಜೀವನವೆಂಬ ಹೆಸರು

ಅಮರಕೋಶದಲ್ಲಿ ನೀರಿಗೆ ಹೇಳಿರುವ ಹೆಸರುಗಳಲ್ಲಿ ‘ಜೀವನ’ ಎಂಬುದೂ ಒಂದು. ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ನಾನು ಅದನ್ನು ಮಕ್ಕಳಿಂದ ಬಾಯಿಪಾಠ ಮಾಡಿಸಿದೆನು. ನನ್ನ ಮಗಳು ಎಂಟು ವರ್ಷದವಳಾಗಿದ್ದಾಗ ಒಂದು ಸಂಜೆ, “ನೀರಿಗೆ ಜೀವನವೆಂದು ಏಕೆ ಹೆಸರು, ಅಪ್ಪಾ?” ಎಂದು ಕೇಳಿದಳು. “ಮೊದಲು ಕಂಠಸ್ಥವಾಗಲಿ, ಅರ್ಥ ಆಮೇಲೆ” ಎಂದು ಗದರಿದೆನು. ಆ ಅರ್ಥವನ್ನು ನಾನು ಹೇಳಲೇ ಇಲ್ಲ.

ಅವಳು ಈಗ ಸ್ಕಾಟ್ಲೆಂಡಿನಲ್ಲಿ ಜವುಗು ನೆಲದ ಸೂಕ್ಷ್ಮಜೀವಿಗಳನ್ನು ಕುರಿತು ಸಂಶೋಧನೆ ನಡೆಸುತ್ತಿದ್ದಾಳೆ. 2023ನೆಯ ಇಸವಿಯ ಬೇಸಗೆಯಲ್ಲಿ ನಾನು ಅಲ್ಲಿಗೆ ಹೋದಾಗ, ಸ್ಟರ್ಲಿಂಗ್ ಪಟ್ಟಣದ ಪಶ್ಚಿಮಕ್ಕಿರುವ ಫ್ಲಾಂಡರ್ಸ್ ಮಾಸ್ ಎಂಬ ಜವುಗನ್ನು ತೋರಿಸಿದಳು. ಹಲಗೆಯ ಕಾಲುದಾರಿಯ ಎರಡೂ ಕಡೆ ಹಸುರು, ಕಂದು, ಕೆಂಪು ಬಣ್ಣದ ಹಾವಸೆ. ಅದರ ಹೆಸರು ಸ್ಫ್ಯಾಗ್ನಮ್. ತನ್ನ ಒಣತೂಕದ ಇಪ್ಪತ್ತರಷ್ಟು ನೀರನ್ನು ಅದು ಹಿಡಿದಿಡಬಲ್ಲದು. ಮೇಲೆ ಚಿಗುರುತ್ತ ಕೆಳಗೆ ಸಾಯುವ ಈ ಹಾವಸೆಯು, ಪ್ರಾಣವಾಯು ಸುಳಿಯದ ಆಮ್ಲಜಲದಲ್ಲಿ ಪೂರ್ತಿಯಾಗಿ ಕೊಳೆಯದೆ ಪದರಪದರವಾಗಿ ಶೇಖರವಾಗುವುದು. ಇದೇ ಪೀಟ್. ಅದು ವರ್ಷಕ್ಕೆ ಒಂದು ಮಿಲಿಮೀಟರು ಬೆಳೆದರೆ ಹೆಚ್ಚು.

ಮರುದಿನ ಪ್ರಯೋಗಶಾಲೆಯಲ್ಲಿ ಹಾವಸೆಯನ್ನು ಹಿಂಡಿದ ಒಂದು ಹನಿಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನನ್ನನ್ನು ಕರೆದಳು. ಅಮೀಬಗಳು! ಗ್ರೀಕ್ ಭಾಷೆಯಲ್ಲಿ ಈ ಹೆಸರಿಗೆ ‘ಮಾರ್ಪಾಡು’ ಎಂಬುದೇ ಮೂಲವಂತೆ, ನಮ್ಮವರಾದರೆ ಕಾಮರೂಪಿಯೆನ್ನುತ್ತಿದ್ದರು. ಆದರೆ ಇವು ಬರಿಮೈಯವಲ್ಲ. ಮಿಲಿಮೀಟರಿನ ಹತ್ತನೆಯ ಒಂದು ಪಾಲಿನ ಆಸುಪಾಸಿನ ಒಂದೊಂದು ಚಿಪ್ಪಿನ ಮನೆಯಲ್ಲಿ ವಾಸಿಸುವುವು. ಫಿಲಡೆಲ್ಫಿಯದ ವೈದ್ಯ ಜೋಸೆಫ್ ಲೈಡಿಯವರು 1879ರಲ್ಲಿಯೇ ಇಂಥವುಗಳ ಬಣ್ಣದ ಚಿತ್ರಗಳಿಂದ ಕೂಡಿದ ದೊಡ್ಡ ಗ್ರಂಥವೊಂದನ್ನು ಪ್ರಕಟಿಸಿದರು.

ಎಲೆಗಳ ಮೇಲಿನ ತೆಳ್ಳನೆಯ ನೀರಿನ ಪೊರೆಯೇ ಇವುಗಳಿಗೆ ಸಮುದ್ರ. ಆ ಪೊರೆಯಲ್ಲಿಯೇ ಸಂಚಾರ, ಅದರಲ್ಲಿಯೇ ಆಹಾರ. ನೀರಿನ ಮಟ್ಟವು ಹಾವಸೆಯ ಮೇಲ್ಮೈಯಿಂದ ನಾಲ್ಕು ಬೆರಳಿನೊಳಗಿದ್ದರೆ, ಒಡಲೊಳಗೆ ಹಸುರು ಶೈವಲವನ್ನು ಸಾಕಿಕೊಂಡು ಬಿಸಿಲಿನಿಂದಲೂ ಅನ್ನ ಪಡೆಯುವ ಆರ್ಚರೆಲ್ಲ ಫ್ಲೇವಮ್ ಎಂಬುದು ಹೇರಳವಾಗಿರುವುದು. ಮಟ್ಟವು ಒಂದು ಗೇಣಿಗಿಂತಲೂ ಕೆಳಗಿಳಿದರೆ ಅದು ಮರೆಯಾಗಿ, ಕಂದುಚಿಪ್ಪಿನ, ಮೂರುಮೂಲೆ ಬಾಯಿಯ ಟ್ರೈಗೊನೊಪಿಕ್ಸಿಸ್ ಮೊದಲಾದ ಒಣನೆಲದ ಜಾತಿಗಳು ನೆಲಸುವುವು. ಗೇಣಿನಷ್ಟು ಅಂತರದಲ್ಲಿ ಊರಿನ ಜನವೇ ಬೇರೆಯಾದಂತೆ!

ಇದಕ್ಕಿಂತಲೂ ಆಶ್ಚರ್ಯ ಮತ್ತೊಂದು. ಜೀವಿ ಸತ್ತರೂ ಚಿಪ್ಪು ಪೀಟಿನಲ್ಲಿ ಸಾವಿರಾರು ವರ್ಷ ಉಳಿಯುವುದು. ನೆಲವನ್ನು ಕೊರೆದು ತೆಗೆದ ಕಂಬದಲ್ಲಿ ಪದರಪದರಕ್ಕೂ ಚಿಪ್ಪುಗಳನ್ನೆಣಿಸಿ, ಯಾವ ಜಾತಿಗೆ ಎಷ್ಟು ನೀರು ಹಿತವೆಂಬ ಇಂದಿನ ತಿಳಿವಳಿಕೆಯೊಡನೆ ಹೋಲಿಸಿದರೆ, ಯಾವ ಕಾಲದಲ್ಲಿ ಜವುಗು ನೆನೆದಿತ್ತು, ಯಾವಾಗ ಒಣಗಿತ್ತು ಎಂದು ಊಹಿಸಬಹುದು. ಬರೆಯಲರಿಯದ ಜೀವಿಗಳ ಬಖೈರು ಇದು.

ಮನುಷ್ಯನು ಹೊಲಗಳಿಗಾಗಿ ಆ ಜವುಗಿನಲ್ಲಿ ಕಾಲುವೆ ತೋಡಿ ನೀರನ್ನು ಹರಿಯಬಿಟ್ಟನು. 18ನೆಯ ಶತಮಾನದಿಂದ ಅದರ ಸುತ್ತಣ ಪೀಟನ್ನು ಕಡಿದು ನೀರಿನಲ್ಲಿ ತೇಲಿಬಿಟ್ಟನು. ಒಣಗಿದ ಪೀಟಿಗೆ ಗಾಳಿ ತಗಲಿದರೆ, ಸಾವಿರಾರು ವರ್ಷ ಅದರಲ್ಲಿ ಅಡಗಿದ್ದ ಇಂಗಾಲವು ಆಕಾಶಕ್ಕೇರುವುದು. ಭೂಮಿಯ ನೆಲದಲ್ಲಿ ಪೀಟಿನ ಪ್ರದೇಶವು ನೂರಕ್ಕೆ ಮೂರು ಪಾಲು ಮಾತ್ರ. ಆದರೂ ಲೋಕದ ಕಾಡುಗಳ ಮರಗಿಡಗಳಲ್ಲಿರುವುದಕ್ಕಿಂತ ಹೆಚ್ಚು ಇಂಗಾಲ ಅದರಲ್ಲಿದೆ. ಆದುದರಿಂದಲೇ ಈಗ ಆ ಕಾಲುವೆಗಳಿಗೆ ಅಡ್ಡಗಟ್ಟೆ ಹಾಕುತ್ತಿದ್ದಾರೆ. ಇಂತಹ ಕೆಲಸ ನಡೆದ ಕೆಲವು ಜವುಗುಗಳಲ್ಲಿ, ನೀರು ಮರಳಿದ ಮೇಲೆ ನೀರೊಲಿವ ಅಮೀಬಗಳೂ ಮರಳಿವೆಯೆಂದು ಮಗಳು ಹೇಳಿದಳು.

ಆ ರಾತ್ರಿ ಊಟಕ್ಕೆ ಕುಳಿತಾಗ, “ಮಗು, ನೀರಿಗೆ ಜೀವನವೆಂದು ಏಕೆ ಹೆಸರೆಂದು ನೀನು ಕೇಳಿದ್ದೆ. ಅಂದು ಗದರಿದ್ದು ನನಗೆ ಅರ್ಥ ತಿಳಿಯದೆ” ಎಂದೆನು. ಅವಳಿಗೆ ಅದು ಮರೆತೇ ಹೋಗಿತ್ತು; ನಕ್ಕು ಸುಮ್ಮನಾದಳು.

ನನಗೆ ಮರೆತಿಲ್ಲ. ಈಗಲೂ ನೆರೆಮನೆಯ ಮಕ್ಕಳು ಅಮರಕೋಶ ಹೇಳಿಸಿಕೊಳ್ಳಲು ಬರುತ್ತಾರೆ. ಆ ಪದ ಬಂದೊಡನೆ ನಾನು ಪಾಠವನ್ನು ನಿಲ್ಲಿಸಿ, ಯಾರಾದರೂ ಪ್ರಶ್ನೆ ಕೇಳುವರೋ ಎಂದು ಸ್ವಲ್ಪ ಹೊತ್ತು ಕಾಯುತ್ತೇನೆ.