ಓಟಗಾರನ ಕುಂಟು

ಕಾರು ಕೊಳ್ಳುವುದು ಬೇರೆ, ಸ್ಪೋರ್ಟ್ಸ್ ಕಾರು ಕೊಳ್ಳುವುದು ಬೇರೆ. ಮೊದಲನೆಯದು ಸಂಸಾರದ ಅಗತ್ಯ. ಎರಡನೆಯದು ಯೌವನದಲ್ಲಿ ಕಂಡು ನಡುವಯಸ್ಸಿನಲ್ಲಿ ಕೈಗೂಡುವ ಕನಸು. ಇಂಗ್ಲೆಂಡಿನ ಗೃಹಸ್ಥನೊಬ್ಬ ಹಲವು ವರ್ಷಗಳ ಉಳಿತಾಯವನ್ನು ಸುರಿದು ಅಂಥ ಕನಸೊಂದನ್ನು ಮನೆಗೆ ತಂದನೆನ್ನೋಣ. ಬೇಸಗೆಯೆಲ್ಲ ಅದು ಹೂವಿನಷ್ಟು ಹಗುರಾಗಿ ಓಡುತ್ತದೆ. ಚಳಿಗಾಲದ ಒಂದು ಬೆಳಗ್ಗೆ, ಅಂಗಳದಿಂದ ಕಾರನ್ನು ಹೊರಡಿಸಲು ಅವನು ಸ್ಟಿಯರಿಂಗನ್ನು ಪೂರ್ತಿ ತಿರುಗಿಸುತ್ತಾನೆ. ಮುಂದಿನ ಗಾಲಿಗಳಲ್ಲಿ ಕಟಕಟ ಸದ್ದು. ಕಾರಿನ ಮೂತಿ ಅಡ್ಡಕ್ಕೆ ಕುಪ್ಪಳಿಸುತ್ತದೆ. ಪಕ್ಕದಲ್ಲಿ ಕುಳಿತ ಹೆಂಡತಿ ಮಾತಾಡುವುದಿಲ್ಲ. ಅಷ್ಟು ಹಣ ಕೊಟ್ಟದ್ದು ಇದಕ್ಕೇ ಏನು ಎಂಬ ಪ್ರಶ್ನೆ ಆ ಮೌನದಲ್ಲಿಯೇ ಇದೆ.

ಮಾರಿದವನ ಬಳಿಗೆ ಓಡಿದರೆ ಅವನದು ಶಾಂತವಾದ ಉತ್ತರ: "ಇದು ದೋಷವಲ್ಲ, ಈ ಜಾತಿಯ ಕಾರುಗಳ ಲಕ್ಷಣ." ದೋಷಕ್ಕೆ ಲಕ್ಷಣವೆಂಬ ಹೆಸರಿಡುವ ಜಾಣ್ಮೆ ವ್ಯಾಪಾರಿಗಳಿಗೆ ಹೊಸದಲ್ಲ. ಗೃಹಸ್ಥನಿಗೆ ರಾತ್ರಿ ನಿದ್ದೆ ಬಾರದು. ಯಾವುದು ದೋಷ, ಯಾವುದು ಅದೋಷ ಎಂಬುದನ್ನು ನಿರ್ಣಯಿಸಲು 'ಕವಿರಾಜಮಾರ್ಗ'ಕ್ಕೇ ಒಂದು ಪರಿಚ್ಛೇದ ಬೇಕಾಯಿತು. ಪಾಪ, ಅವನೊಬ್ಬನಿಂದ ಆದೀತೆ?

ಆದರೆ ಈ ಸಲ ವ್ಯಾಪಾರಿಯ ಮಾತು ಬಹುಮಟ್ಟಿಗೆ ನಿಜ. ನಮ್ಮ ಎತ್ತಿನ ಗಾಡಿಗೆ ಒಂದೇ ಅಚ್ಚು, ಎರಡೇ ಚಕ್ರ. ಹೇಗೆ ತಿರುಗಿದರೂ ಅವುಗಳಲ್ಲಿ ಜಗಳವಿಲ್ಲ. ನಾಲ್ಕು ಚಕ್ರಗಳಾದಾಗ ಸಮಸ್ಯೆ ಹುಟ್ಟುತ್ತದೆ. ತಿರುವಿನಲ್ಲಿ ಒಳಗಿನ ಚಕ್ರ ಸಣ್ಣ ವೃತ್ತವನ್ನೂ ಹೊರಗಿನದು ದೊಡ್ಡ ವೃತ್ತವನ್ನೂ ತುಳಿಯಬೇಕು. ಮುಂದಿನ ಹಿಂದಿನ ಅಚ್ಚುಗಳ ನಡುವೆ 2.5 ಮೀಟರ್, ಎಡಬಲ ಚಕ್ರಗಳ ನಡುವೆ 1.5 ಮೀಟರ್ ಇರುವ ಕಾರಿನಲ್ಲಿ ಒಳಚಕ್ರ 30 ಡಿಗ್ರಿ ಹೊರಳಿದರೆ ಹೊರಚಕ್ರ ಸುಮಾರು 23 ಡಿಗ್ರಿ ಮಾತ್ರ ಹೊರಳಬೇಕು. ಮ್ಯೂನಿಕ್ ನಗರದ ಲಾಂಕೆನ್‌ಸ್ಪೆರ್ಗರ್ ಎಂಬ ಸಾರೋಟು ತಯಾರಕ ಇದಕ್ಕೊಂದು ಉಪಾಯ ಕಂಡುಹಿಡಿದ. ಲಂಡನ್ನಿನಲ್ಲಿ ಚಿತ್ರಗಳನ್ನೂ ಪುಸ್ತಕಗಳನ್ನೂ ಪ್ರಕಟಿಸುತ್ತಿದ್ದ ರುಡಾಲ್ಫ್ ಆಕರ್‌ಮನ್ ಅವನ ಪರವಾಗಿ 1818ರಲ್ಲಿ ಪೇಟೆಂಟು ಪಡೆದ. ಕಂಡವನ ಹೆಸರು ಮರೆತು, ಕಾಗದಕ್ಕೆ ಸಹಿ ಹಾಕಿದವನ ಹೆಸರು ಉಳಿಯಿತು. ಲೋಕದ ರೀತಿಯೇ ಹಾಗೆ.

ಮನೆಬಳಕೆಯ ಕಾರುಗಳು ಈ ಸೂತ್ರವನ್ನು ಸುಮಾರಾಗಿ ಪಾಲಿಸುತ್ತವೆ. ಸ್ಪೋರ್ಟ್ಸ್ ಕಾರಿನ ಚಿತ್ತ ಮಾತ್ರ ವೇಗದಲ್ಲಿದೆ. ವೇಗದ ತಿರುವಿನಲ್ಲಿ ಭಾರವೆಲ್ಲ ಹೊರಗಿನ ಟೈರಿನ ಮೇಲೆ ಬೀಳುವುದರಿಂದ, ಅದಕ್ಕೆ ಹೆಚ್ಚು ಹೊರಳುವ ಅವಕಾಶ ಕೊಡಲೆಂದು ಎರಡು ಚಕ್ರಗಳ ಕೋನದ ಅಂತರವನ್ನು ಹಲವು ನಿರ್ಮಾಪಕರು ಕಡಿಮೆ ಮಾಡುತ್ತಾರೆ. ಹೆದ್ದಾರಿಯಲ್ಲಿ ವರವಾದ ಇದೇ ಏರ್ಪಾಟು ಅಂಗಳದಲ್ಲಿ ಶಾಪ. ಅಲ್ಲಿ ಒಂದು ಗಾಲಿ ತನ್ನ ವೃತ್ತವನ್ನು ಬಿಟ್ಟು ಅಡ್ಡಕ್ಕೆ ಜಾರಲೇಬೇಕಾಗುತ್ತದೆ. ಟೈರು ಅಗಲ, ಅದರ ಪಕ್ಕದ ಗೋಡೆ ಗಿಡ್ಡ ಮತ್ತು ಬಿಗಿ. ಉಷ್ಣತೆ 7 ಡಿಗ್ರಿ ಸೆಲ್ಸಿಯಸ್ಸಿಗಿಂತ ಕೆಳಗಿಳಿದರೆ ಬೇಸಗೆ ಟೈರಿನ ರಬ್ಬರು ಗಡುಸಾಗಿ ಮೆತ್ತಗೆ ಬಾಗಲಾರದು. ನೆಲವನ್ನು ಕಚ್ಚುತ್ತದೆ, ಬಾಗುತ್ತದೆ, ತಾಳಲಾರದೆ ಜಿಗಿಯುತ್ತದೆ, ಮತ್ತೆ ಕಚ್ಚುತ್ತದೆ. ಪಿಟೀಲಿನ ತಂತಿಯನ್ನು ಕಮಾನು ಮಿಡಿಸುವುದೂ ಹೀಗೆಯೇ; ಅಲ್ಲಿ ನಾದ, ಇಲ್ಲಿ ನಡುಕ.

ಉಪಾಯಗಳೂ ಇಲ್ಲದಿಲ್ಲ. ಮೆತ್ತನೆಯ ರಬ್ಬರಿನ ಚಳಿಗಾಲದ ಟೈರು ಹಾಕಿಸಬಹುದು. ಸ್ಟಿಯರಿಂಗನ್ನು ಕೊನೆಯವರೆಗೆ ತಿರುಗಿಸದೆ ಒಂದಿಷ್ಟು ಹಿಂದಕ್ಕೆ ಬಿಟ್ಟು, ಒಂದೇ ತಿರುವನ್ನು ಎರಡು ಸಲ ಮಾಡಬಹುದು. ಆದರೆ ಎಲ್ಲ ಸದ್ದಿಗೂ ಲಕ್ಷಣವೆಂಬ ಹೆಸರು ಸಲ್ಲದು. ಬಿಸಿಲಿನ ದಿನ ನೇರವಾಗಿ ಹೋಗುವಾಗಲೂ ನಡುಗಿದರೆ, ಒಂದೇ ಕಡೆಯಿಂದ ಬಡಿತ ಕೇಳಿದರೆ, ಯಾರು ಏನೇ ಹೇಳಲಿ, ಬಿಚ್ಚಿಸಿ ನೋಡಿಸುವುದೇ ಲೇಸು.

ಒಂದನ್ನು ಸಾಧಿಸಲು ಹುಟ್ಟಿದ್ದು ಇನ್ನೊಂದರಲ್ಲಿ ಎಡವುವುದು ಹೊಸದೇನಲ್ಲ. ದೇವರ ರಥವೂ ನೇರ ಬೀದಿಯಲ್ಲಿ ಗಂಭೀರವಾಗಿ ಸಾಗಿ, ತಿರುವಿನಲ್ಲಿ ನರಳುತ್ತದೆ. ಅದಕ್ಕಾಗಿ ಯಾರೂ ರಥವನ್ನು ಹಳಿಯುವುದಿಲ್ಲ.

ನಮ್ಮ ಗೃಹಸ್ಥ ಮರುದಿನ ಬೆಳಗ್ಗೆ ಕೈಯನ್ನು ಸ್ವಲ್ಪ ಸಡಿಲಿಸಿ, ಆತುರವಿಲ್ಲದೆ ತಿರುಗಿಸುತ್ತಾನೆ. ಕಾರು ಸದ್ದಿಲ್ಲದೆ ಬೀದಿಗಿಳಿಯುತ್ತದೆ. "ರಿಪೇರಿಯಾಯಿತೆ?" ಎನ್ನುತ್ತಾಳೆ ಹೆಂಡತಿ. "ಆಯಿತು" ಎನ್ನುತ್ತಾನೆ. ರಿಪೇರಿಯಾದದ್ದು ಕಾರೋ ತಾನೋ ಎಂಬುದನ್ನು ಮಾತ್ರ ಹೇಳುವುದಿಲ್ಲ.