ಷಿಕಾಗೋವಿನಲ್ಲಿ ಹುಲಾ

೧೮೯೩ರ ಷಿಕಾಗೋ ಎಂದೊಡನೆ ನಮ್ಮವರಿಗೆ ಸ್ವಾಮಿ ವಿವೇಕಾನಂದರ ನೆನಪಾಗುವುದು ಸಹಜ. ಅದೇ ವರ್ಷ, ಅದೇ ಊರಿನ ಜಾಗತಿಕ ಮೇಳದ ವಿನೋದಬೀದಿಯಲ್ಲಿ ಹವಾಯಿ ದ್ವೀಪದ ಕೆಲವರು ತರುಣಿಯರು ನರ್ತಿಸುತ್ತಿದ್ದರು. ಅವರಲ್ಲೊಬ್ಬಳು ಕಿನಿ ಕಪಾಹು. ಆಕೆಗಾಗ ಇಪ್ಪತ್ತೊಂದು ವಯಸ್ಸು.

ಕಿನಿ ಸಂತೆಯ ಕುಣಿತಗಾರ್ತಿಯಲ್ಲ. ದೊರೆ ಕಲಾಕೌವನ ಆಸ್ಥಾನ ನರ್ತಕಿ. ಹುಲಾ ನೃತ್ಯದಲ್ಲಿ ಹಾಡೇ ಪ್ರಧಾನ. ಸೋರೆಬುರುಡೆಯ ವಾದ್ಯ ತಾಳ ಹಿಡಿಯುತ್ತದೆ. ಹಾಡಿನ ಅರ್ಥವನ್ನು ಕೈಗಳು ಅಭಿನಯಿಸುತ್ತವೆ. ಅರಸರ ವಂಶಾವಳಿ, ಊರೂರಿನ ಗಾಳಿ ಮಳೆ, ಎಲ್ಲವೂ ಆ ಹಾಡುಗಳಲ್ಲುಂಟು. ಕ್ರೈಸ್ತಮತವನ್ನು ಸ್ವೀಕರಿಸಿದ್ದ ರಾಣಿಯೊಬ್ಬಳು ೧೮೩೦ರಲ್ಲಿ ಇದರ ಬಹಿರಂಗ ಪ್ರದರ್ಶನವನ್ನು ನಿಷೇಧಿಸಿದ್ದಳು. ೧೮೮೩ರ ತನ್ನ ಪಟ್ಟಾಭಿಷೇಕೋತ್ಸವದಲ್ಲಿ ಅದನ್ನು ಮತ್ತೆ ಎಲ್ಲರೆದುರಿಗೆ ಆಡಿಸಿದವನು ಕಲಾಕೌವ.

ಮೇಳ ತೆರೆದುದು ಮೇ ೧ರಂದು. ಅಷ್ಟರಲ್ಲಿ ಅವನ ತಂಗಿ, ರಾಣಿ ಲಿಲಿಯುಒಕಲಾನಿ, ಸಿಂಹಾಸನವನ್ನು ಕಳೆದುಕೊಂಡಾಗಿದ್ದಿತು. ಜನವರಿ ೧೭ರಂದು ಆಕೆಯನ್ನು ಇಳಿಸಿದಾಗ ಹೊನೊಲುಲುವಿನಲ್ಲಿ ಅಮೆರಿಕದ ನೌಕಾಸೈನಿಕರು ಬಂದು ನಿಂತಿದ್ದರು. ಅರಸರನ್ನು ಕೊಂಡಾಡಲು ಕಲಿತಿದ್ದ ಕೈಗಳು ಈಗ ಆ ಅಮೆರಿಕದ ಜನರೆದುರಿಗೇ ಆಡಬೇಕಾಯಿತು! ನೋಡುವವರಿಗೆ ಅದು ಟಿಕೆಟ್ಟಿನ ವಿನೋದ. ಭಾಷೆಯನ್ನೇ ಅರಿಯದವರಿಗೆ ಕೈಯ ಮಾತು ಹೇಗೆ ತಿಳಿದೀತು?

ತಂಡವು ಯೂರೋಪನ್ನೂ ಸುತ್ತಿತು. ೧೮೯೮ರಲ್ಲಿ ಹವಾಯಿ ಅಮೆರಿಕದ ವಶವಾಯಿತು. ಕಿನಿ ಸ್ವದೇಶಕ್ಕೆ ಮರಳಿ ೧೯೬೨ರವರೆಗೆ ಬದುಕಿದಳು. ಆಕೆಯ ಪತಿ ಹೊನೊಲುಲುವಿನ ಮೇಯರಾದನು. ಊರವರಿಗೆ ಮಾತ್ರ ಆಕೆ ‘ಜೆನ್ನಿ ಅತ್ತೆ’ಯಾಗಿಯೇ ಇದ್ದಳು.